ಯಾರಿ ಯಾವ್ದು, ನಗಿನಾತ ಯಾವ್ದು? ನೋಡಿ ಗುರುತು ಹಿಡಿಯೋದು ಹೇಗೆ

ಸಮುರಾಯ್ ಅಂದ್ರೆ ಎಲ್ರಿಗೂ ಕತ್ತಿನೇ ನೆನಪಾಗೋದು. ಆದ್ರೆ 16ನೇ ಶತಮಾನದ ಜಪಾನಿನ ರಣರಂಗದಲ್ಲಿ ಕತ್ತಿಗಿಂತ ಜಾಸ್ತಿ ಕೆಲ್ಸಕ್ಕೆ ಬಂದಿದ್ದು ಉದ್ದ ಕಾವಿನ ಆಯುಧಗಳು. ಮ್ಯೂಸಿಯಂನಲ್ಲೋ ಫೋಟೋದಲ್ಲೋ ನೋಡ್ದಾಗ ಯಾರಿ, ನಗಿನಾತ ಅಂತ ಅದ್ರಲ್ಲಿ ಬೇರೆ ಬೇರೆ ಥರ ಇದ್ರೂ ನಾವು ಎಲ್ಲಾನೂ 'ಈಟಿ' ಅಂದ್ಬಿಟ್ಟು ಮುಂದೆ ಹೋಗ್ತೀವಿ, ನಾನೂ ತುಂಬಾ ದಿನ ಹಂಗೇ ಮಾಡ್ತಿದ್ದೆ.

ಮೊದ್ಲು ಅಲಗು ನೋಡಿ. ನೆಟ್ಟಗಿದ್ದು ಎರಡೂ ಕಡೆ ಹರಿತ ಇದ್ರೆ ಅದು ಯಾರಿ, ಚುಚ್ಚೋಕೆ. ಬಾಗಿದ್ದು ಒಂದೇ ಕಡೆ ಹರಿತ ಇದ್ರೆ ನಗಿನಾತ, ಬೀಸಿ ಕಡಿಯೋಕೆ. ಅಲಗಿಗೆ ಒರೆ ಹಾಕಿಟ್ಟಿದ್ರೆ? ಆಗ ಕಾವು ನೋಡಿ. ನಗಿನಾತದ ಕಾವು ಮೊಟ್ಟೆ ಥರ ಚಪ್ಪಟೆ ದುಂಡಗಿರುತ್ತೆ, ಯಾಕಂದ್ರೆ ಬೀಸೋವಾಗ ಹರಿತ ಯಾವ ಕಡೆಗಿದೆ ಅಂತ ಕಣ್ಣು ಹಾಕ್ದೇನೇ ಕೈಗೆ ಗೊತ್ತಾಗ್ಬೇಕಲ್ಲ. ಕಾವಿಗೆ ಕತ್ತಿ ಹಿಡಿ ಥರ ದಾರ ಸುತ್ತಿದ್ದು, ಅಲಗೂ ಹಿಡಿನೂ ಹೆಚ್ಚುಕಮ್ಮಿ ಒಂದೇ ಉದ್ದ ಕಂಡ್ರೆ ಅದು ನಗಮಾಕಿ, ಇದ್ರಲ್ಲಿ ಎಂಥವ್ರೂ ಎಡವ್ತಾರೆ.

ಯಾರಿಲೇ ಎಷ್ಟೊಂದು ಥರ ಇದೆ. ಬರೀ ನೆಟ್ಟಗಿದ್ರೆ ಸು-ಯಾರಿ. ಎರಡೂ ಪಕ್ಕಕ್ಕೆ ಅಡ್ಡ ಅಲಗು ಚಾಚಿದ್ರೆ ಜೂಮೊಂಜಿ, ಒಂದೇ ಪಕ್ಕಕ್ಕಿದ್ರೆ ಕತಕಾಮ. ಜೂಮೊಂಜಿ ಅಂದ್ರೆ ಹತ್ತರ ಅಕ್ಷರ ಅಂತ, ಅವ್ರ ಲಿಪಿಲಿ ಹತ್ತು ಬರಿಯೋದು ಕೂಡಿಸೋ ಚಿಹ್ನೆ ಥರಾನೇ. ಇದನ್ನ ಹೆಸರುವಾಸಿ ಮಾಡಿದ್ದು ಜಪಾನಿನ ನಾರಾ ಊರಿನ ಹೋಜೋಇನ್ ಇನ್‌ಎಇ (1521–1607) ಅನ್ನೋ ಬೌದ್ಧ ಸನ್ಯಾಸಿ, ಎದುರಾಳಿ ಆಯುಧಾನ ಅಡ್ಡ ಅಲಗಿಂದ ತಡೆದು ಪಕ್ಕಕ್ಕೆ ತಳ್ಳೋದು ಅವ್ರ ಪಟ್ಟುಗಳಲ್ಲೊಂದು. ತುದಿ ಅಲಗಲ್ಲ, U ಆಕಾರದ ಕವಲು ಅಂದ್ರೆ ಅದು ಸಸುಮಾತಾ, ಕಳ್ಳರನ್ನ ಜೀವಂತ ಹಿಡಿಯೋಕೆ. ಅದು ಜಪಾನಿನ ಸ್ಕೂಲುಗಳಲ್ಲಿ ಈಗ್ಲೂ ಇಟ್ಟಿರ್ತಾರೆ!

ಕಾವು ಬಿಚ್ಚಿ ಅಲಗು ಮಾತ್ರ ಇಟ್ಟಿದ್ರೆ ಕೆಳಗಿನ ಬಾಲ ನೋಡಿ. ಯಾರಿ ಬಾಲ ಕೆಲವು ಸಲ ಅಲಗಿಗಿಂತ್ಲೂ ಉದ್ದ, ಅಷ್ಟೂ ಕಾವಿನೊಳಗೆ ಹೋಗಿ ಕೂತ್ಕೊಳ್ಳುತ್ತೆ, ಅದಕ್ಕೇ ಅಷ್ಟು ಗಟ್ಟಿ. ಬಾಲ ಇಲ್ದೆ ಕೊಳವೆ ಥರ ಇದ್ರೆ ಅದು ಫುಕುರೋ ಯಾರಿ, ಕಾವಿನ ತುದಿಗೆ ಟೋಪಿ ಹಾಗೆ ಸಿಕ್ಕಿಸೋದು.

ಕಲಿತಿದ್ದು ಟೆಸ್ಟ್ ಮಾಡ್ಬೇಕಂದ್ರೆ ಜಪಾನಿನ ಫುಕುವೋಕಾ ಸಿಟಿ ಮ್ಯೂಸಿಯಂನಲ್ಲಿರೋ ನಿಹೊಂಗೊ ಅನ್ನೋ ಹೆಸರಾಂತ ಆಯುಧ ನೋಡಿ. ಅಲಗೇ ಸುಮಾರು 79 ಸೆಂ.ಮೀ., ಮೇಲೆ ಡ್ರ್ಯಾಗನ್ ಕೆತ್ತನೆ, ನೋಡಿದ ತಕ್ಷಣ ಕತ್ತಿ ಅನ್ಸುತ್ತೆ, ಆದ್ರೆ ನೆಟ್ಟಗಿದೆ, ಎರಡೂ ಕಡೆ ಹರಿತ, ಹಂಗಾಗಿ ಯಾರಿನೇ. ಇದ್ರ ಜೊತೆ ಹೆಸರು ಹೇಳೋ ಇನ್ನೊಂದು ಯಾರಿ ಒತೆಗಿನೆ ಎಲ್ಲಾದ್ರೂ ಕಂಡ್ರೆ ಮಾತ್ರ ಬೋರ್ಡ್ ಓದ್ಕೊಳ್ಳಿ, ಅಸಲಿ 1945ರ ಟೋಕಿಯೋ ಬಾಂಬ್ ದಾಳಿಲಿ ಸುಟ್ಟೋಯ್ತು, ಈಗ ಇಟ್ಟಿರೋದು ನಕಲು.