ಗಾರ್ಮೆಂಟ್ಸ್ ಕೆಲಸ ಬಿಡುವ ಹೆಂಗಸರನ್ನು ಉಳಿಸಿಕೊಳ್ಳುವುದು ಹೇಗೆ?

ಪೀಣ್ಯದಲ್ಲೋ ರಾಮನಗರದ ಕಡೆಯೋ ಗಾರ್ಮೆಂಟ್ಸ್ ಒಂದರ ಎಚ್‌ಆರ್ ನೀವಾಗಿದ್ದರೆ, ಹೋದ ವರ್ಷ ಕೆಲಸ ಬಿಟ್ಟವರ ಪಟ್ಟಿ ತೆಗೆದು ಗಂಡಸರನ್ನೂ ಹೆಂಗಸರನ್ನೂ ಬೇರೆ ಮಾಡಿ. ಎಷ್ಟು ತಿಂಗಳು ಇದ್ದರು, ಯಾವ ಲೈನ್ (ಹೊಲಿಗೆ ಮೆಷಿನ್‌ಗಳ ಸಾಲು), ಸೂಪರ್‌ವೈಸರ್ ಯಾರು, ಇಷ್ಟನ್ನೂ ಹೆಸರಿನ ಮುಂದೆ ಬರೆಯಿರಿ. ಎಲ್ಲರನ್ನೂ ಒಟ್ಟಿಗೆ ಎಣಿಸಿದರೆ ಏನೂ ತಿಳಿಯುವುದಿಲ್ಲ.

ನಾನು ಕಂಡಂತೆ ಕಟಿಂಗ್, ಇಸ್ತ್ರಿ ಕಡೆಯ ಹುಡುಗರು ಪಕ್ಕದ ಫ್ಯಾಕ್ಟರಿಯಲ್ಲಿ ಸಂಬಳ ಸ್ವಲ್ಪ ಜಾಸ್ತಿ ಸಿಕ್ಕರೆ ಹೋಗುತ್ತಾರೆ, ಅದನ್ನು ಹೇಳಿಯೇ ಹೋಗುತ್ತಾರೆ. ಹೆಂಗಸರ ರಾಜೀನಾಮೆ ಫಾರಂನಲ್ಲಿ ಮಾತ್ರ ‘ಮನೆ ಸಮಸ್ಯೆ’ ಅಂತ ಇರುತ್ತದೆ. ಅದನ್ನು ನಂಬಿ ಸುಮ್ನೆ ಫೈಲ್ ಮುಚ್ಚಬೇಡಿ. ಹದಿನೈದು ದಿನ ಬಿಟ್ಟು, ಬೇರೆ ಲೈನಿನ ಒಬ್ಬ ಹೆಂಗಸಿನ ಕೈಲಿ ಫೋನ್ ಮಾಡಿಸಿ, ‘ಯಾಕಕ್ಕಾ ಬಿಟ್ರಿ?’ ಅಂತ ಕೇಳಿಸಿ. ಟಾರ್ಗೆಟ್ ಆಗಲಿಲ್ಲ ಅಂತ ಎಲ್ಲರೆದುರು ಬೈಸಿಕೊಂಡಿದ್ದು, ಟಾಯ್ಲೆಟ್‌ಗೆ ಹೋಗೋಕೂ ಕೈ ಕಟ್ಟಿ ಕೇಳಬೇಕಾಗಿದ್ದು, ಮಗು ನೋಡಿಕೊಳ್ಳುತ್ತಿದ್ದ ಅತ್ತೆ ಊರಿಗೆ ಹೋಗಿದ್ದು, ಎಲ್ಲ ಆಗ ಹೊರಗೆ ಬರುತ್ತದೆ. ಒಂದೇ ಸೂಪರ್‌ವೈಸರ್ ಹೆಸರು ಮೂರು ಸಲ ಬಂದರೆ ಮೊದಲು ಅವರನ್ನು ಆ ಲೈನಿನಿಂದ ಬದಲಾಯಿಸಿ, ವಿಚಾರಣೆ ಆಮೇಲೆ ಮಾಡಿ. ಅಲ್ಲಿ ತಡ ಮಾಡಿದಷ್ಟೂ ಜನ ಹೋಗುತ್ತಾರೆ.

ಮಗುವಿನ ವಿಷಯ. 50 ಜನ ಕೆಲಸಗಾರರಿದ್ದರೆ ಶಿಶುಪಾಲನಾ ಕೇಂದ್ರ ಕಡ್ಡಾಯ, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಬಹುದು. ಆದರೆ ಅವಳು ಎದ್ದಾಗ ಮೆಷಿನ್ ಮುಂದೆ ಕೂರಲು ಇನ್ನೊಬ್ಬರಿಲ್ಲದಿದ್ದರೆ ಪೀಸ್ ರಾಶಿ ಬೀಳುತ್ತದೆ, ಬೈಗುಳ ಶುರುವಾಗುತ್ತದೆ, ಮಾರನೇ ದಿನ ಅವಳು ಏಳುವುದೇ ಇಲ್ಲ, ಅಲ್ವಾ? ಹಾಗಾಗಿ ಪ್ರತಿ ಲೈನಿಗೂ ಎಲ್ಲ ಕೆಲಸ ಬಲ್ಲ ಒಬ್ಬ ಟೈಲರ್ ಅನ್ನು ಹೆಚ್ಚುವರಿಯಾಗಿ ಇಡಿ. ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ. ಅದು ಮುಗಿಯುವ ಒಂದು ತಿಂಗಳು ಮೊದಲೇ ಫೋನ್ ಮಾಡಿ, ಹಳೇ ಲೈನಿಗೇ ಬರ್ತೀರಾ ಅಂತ ಕೇಳಿ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನ ಖರ್ಚು ಉಳಿಯಿತು. ಸಂಜೆ ಹತ್ತು ನಿಮಿಷ ತಡವಾಗಿ ಬಿಟ್ಟರೆ ಹಳ್ಳಿಯ ಬಸ್ಸು ತಪ್ಪುವುದು ಮಾತ್ರ ತಪ್ಪಲಿಲ್ಲ. ಬಸ್ಸಿನ ಸಮಯ ನೋಡಿ ಶಿಫ್ಟ್ ಮುಗಿಸಿ.

ಪಿಎಫ್ ದುಡ್ಡಿಗಾಗಿಯೇ ಕೆಲಸ ಬಿಡುವವರೂ ಇದ್ದಾರೆ. ಆ ದುಡ್ಡು ಅವರಿಗೆ ಎಷ್ಟು ಮುಖ್ಯ ಅನ್ನುವುದು ಪಿಎಫ್ ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬೀದಿಗಿಳಿದ ಸಾವಿರಾರು ಹೆಂಗಸರನ್ನು ನೋಡಿದವರಿಗೆ ಗೊತ್ತು. ಕಾಯಿಲೆ, ಮದುವೆ, ಮಕ್ಕಳ ಓದಿಗೆ ಕೆಲಸ ಬಿಡದೆಯೂ ಮುಂಗಡ ತೆಗೆಯಬಹುದು. ಶಾಲೆ ಫೀಸಿನ ಸಮಯ ಬರುವ ಮೊದಲೇ, ಅಂದರೆ ಏಪ್ರಿಲ್‌ನಲ್ಲೇ, ಊಟದ ಹೊತ್ತಿಗೆ ಮೇಜು ಹಾಕಿ ಕೂತು ಅರ್ಜಿ ತುಂಬಿಸಿಕೊಡಿ.