ಮಗುವಿನ ಜೊತೆ ಮಾತಾಡುವವರು ಬೇಕು: ನಮ್ಮ ಮನೆಗೆ ದೊಡ್ಡವ್ವ ಸಿಕ್ಕ ಬಗೆ

ಮಗಳಿಗೆ ಎಂಟು ತಿಂಗಳು ತುಂಬುವ ಹೊತ್ತಿಗೆ ನನ್ನ ರಜೆಯೆಲ್ಲ ಮುಗಿದಿತ್ತು. 26 ವಾರದ ಹೆರಿಗೆ ರಜೆಯ ಬೆನ್ನಿಗೆ ಕೂಡಿಟ್ಟಿದ್ದ ರಜೆಯನ್ನೂ ಹಾಕಿಯಾಗಿತ್ತು. ನನ್ನದು ಬ್ಯಾಂಕ್ ಕೆಲಸ, ಮನೆಯವರದು ಶಿಫ್ಟ್ ಡ್ಯೂಟಿ. ಅಮ್ಮ ಶಿವಮೊಗ್ಗದಲ್ಲಿ ಅಪ್ಪನನ್ನು ಬಿಟ್ಟು ಬರುವ ಹಾಗಿಲ್ಲ, ಅತ್ತೆಗೆ ಮಂಡಿನೋವು. ರಾಜಾಜಿನಗರದ ಬಾಡಿಗೆ ಮನೆಯಲ್ಲಿ ಮಗುವನ್ನು ಯಾರ ಕೈಗೆ ಕೊಟ್ಟು ಹೋಗುವುದು ಅಂತ ರಾತ್ರಿಯೆಲ್ಲ ಯೋಚಿಸಿದ್ದೇನೆ. ಈಗ ಮಗಳಿಗೆ ಮೂರು ತುಂಬಿದೆ. ಮಗು ನೋಡಿಕೊಳ್ಳುವವರನ್ನು ಹುಡುಕುವುದು ಹೇಗೆ ಅಂತ ಹೊಸ ತಾಯಂದಿರು ಕೇಳಿದಾಗಲೆಲ್ಲ ಹೇಳುವುದನ್ನು ಬರೆದಿಡುತ್ತಿದ್ದೇನೆ.

ಮೊದಲು ನಿಮ್ಮ ಆಫೀಸಿನಲ್ಲೇ ವಿಚಾರಿಸಿ. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ 2017ರಿಂದ ಇರುವ ನಿಯಮದ ಪ್ರಕಾರ 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. ನಮ್ಮದು ಹತ್ತು ಹನ್ನೆರಡು ಜನರ ಸಣ್ಣ ಶಾಖೆ, ನನಗೆ ಆ ದಾರಿ ಇರಲಿಲ್ಲ.

ಆತುರಕ್ಕೆ ಬಿದ್ದು ಒಂದು ಏಜೆನ್ಸಿಗೆ ತಿಂಗಳ ಸಂಬಳದಷ್ಟು ಕಮಿಷನ್ ಕಟ್ಟಿದೆವು. ಅವರು ಕರೆತಂದದ್ದು ಇನ್ನೂ ಎರಡು ಜಡೆ ಹಾಕಿಕೊಂಡ ಹುಡುಗಿಯನ್ನು. ಆಧಾರ್ ಕೇಳಿದರೆ ಊರಲ್ಲಿದೆ ಅಂದರು. 14 ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್‌ನಿಂದಲೇ ನಿಷೇಧ. ಊಟ ಹಾಕಿ ಅವರ ಜೊತೆಗೇ ವಾಪಸ್ ಕಳಿಸಿದೆ. ಆ ಹೊತ್ತಿನಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕಿತ್ತು, ಮಾಡಲಿಲ್ಲ. ಆ ಮುಖ ಇವತ್ತಿಗೂ ಕಣ್ಣಿಗೆ ಕಟ್ಟುತ್ತದೆ. ನೀವು ಹಾಗೆ ಮಾಡಬೇಡಿ. ವಯಸ್ಸಿನ ಬಗ್ಗೆ ಚೂರು ಅನುಮಾನ ಬಂದರೂ ಫೋನ್ ಮಾಡಿ.

ಒಳ್ಳೆಯವರು ಸಿಗುವುದು ಬಾಯಿಂದ ಬಾಯಿಗೆ. ನಮ್ಮಲ್ಲಿ ಶಾಲೆ ಶುರುವಾಗುವುದು ಮೇ ಕೊನೆ, ಜೂನ್ ಹೊತ್ತಿಗೆ. ಮಗು ಎಲ್‌ಕೆಜಿ ಸೇರಿತು ಅಂದರೆ ಮೂರು ವರ್ಷ ಅದನ್ನು ಎತ್ತಿ ಆಡಿಸಿದವರ ಕೆಲಸ ಮುಗಿಯಿತು. ಅದಕ್ಕೇ ಮಾರ್ಚ್, ಏಪ್ರಿಲ್‌ನಲ್ಲೇ ಕೇಳಲು ಶುರು ಮಾಡಿ. ಪಾರ್ಕಿನಲ್ಲಿ ಸಂಜೆ ಮಕ್ಕಳನ್ನು ಕರೆತರುವವರನ್ನು, ಅಂಗನವಾಡಿ ಟೀಚರನ್ನು, ಪಕ್ಕದ ಅಪಾರ್ಟ್‌ಮೆಂಟಿನ ವಾಚ್‌ಮನ್‌ನನ್ನು, ಹೂವಿನವರನ್ನು ಕೇಳಿ. ನನಗೆ ದಾರಿ ತೋರಿಸಿದ್ದು ಸೊಪ್ಪು ಮಾರುವ ಅಜ್ಜಿ. "ಆ ಮನೆ ಹುಡುಗ ಸ್ಕೂಲಿಗೆ ಹೋಗ್ತಾನಂತೆ, ಅಲ್ಲಿರೋ ರಾಯಚೂರಮ್ಮನ್ನ ಕೇಳಿ ನೋಡಮ್ಮ" ಅಂದರು.

ಕರೆಯುವ ಮುಂಚೆ ಒಂದು ಹಾಳೆಯಲ್ಲಿ ಮಗುವಿನ ದಿನವನ್ನು ಗಂಟೆಗಂಟೆಗೂ ಬರೆದುಕೊಳ್ಳಿ. ಏನೇನು ಕೆಲಸ ಹೇಳುತ್ತೀರಿ ಅನ್ನುವುದೂ ಅದರಲ್ಲೇ ಇರಲಿ. ನನ್ನದು ಖಡಾಖಂಡಿತ ಅಭಿಪ್ರಾಯ: ಮಗು ನೋಡಿಕೊಳ್ಳುವವರಿಗೆ ಪಾತ್ರೆ, ನೆಲ, ಅಡುಗೆ ಹೊರಿಸಬಾರದು. ಒಲೆ ಮೇಲೆ ಸಾರು ಕುದಿಯುತ್ತಿರುವಾಗ ಕಾಲಿಗೆ ಸುತ್ತಿಕೊಳ್ಳುವ ಮಗು ಅವರಿಗೆ ಅಡ್ಡಿಯಾಗಿ ಕಾಣುತ್ತದೆ. ಅಲ್ಲಿಂದ ಮಾತು ನಿಲ್ಲುತ್ತದೆ, ಮೊಬೈಲ್ ಕೈಗೆ ಬರುತ್ತದೆ.

ಮಾತಿಗೆ ಕೂತಾಗ "ಎಷ್ಟು ವರ್ಷ ಅನುಭವ" ಅಂತ ಕೇಳಿದರೆ ಒಂದು ಅಂಕಿ ಸಿಗುತ್ತದೆ, ಅಷ್ಟೆ. "ಹೋದ ಮನೆಯ ಮಗುವಿನ ಬಗ್ಗೆ ಹೇಳಿ" ಅನ್ನಿ. ನಮ್ಮ ಮನೆಗೆ ಬಂದ ಇಬ್ಬರು "ಚೆನ್ನಾಗಿತ್ತು, ತೊಂದರೆ ಕೊಡ್ತಿರಲಿಲ್ಲ" ಅಂದು ಸುಮ್ಮನಾದರು. ಸೊಪ್ಪಿನ ಅಜ್ಜಿ ಹೇಳಿದ ರಾಯಚೂರಿನವರು, ಈಗ ನಮ್ಮ ಮನೆಯ ದೊಡ್ಡವ್ವ, ಹೇಳುತ್ತಲೇ ಹೋದರು. ಆ ಹುಡುಗ ಮೊಸರನ್ನವನ್ನು ಕಾಗೆಗೆ ಒಂದು ತುತ್ತು ಇಡದೆ ಬಾಯಿಗೆ ಮುಟ್ಟಿಸುತ್ತಿರಲಿಲ್ಲವಂತೆ, ಕುಕ್ಕರ್ ಸೀಟಿಗೆ ಹೆದರುತ್ತಿದ್ದನಂತೆ, ಅದಕ್ಕೆ ಸೀಟಿ ಬರುವ ಮುಂಚೆ ಇಬ್ಬರೂ ಕಿವಿ ಮುಚ್ಚಿಕೊಂಡು ಕಾಯುತ್ತಿದ್ದರಂತೆ. ಹೇಳುತ್ತ ಹೇಳುತ್ತ ಕಣ್ಣು ಒರೆಸಿಕೊಂಡರು. ಹಳೆ ಮನೆಯವರಿಗೆ ಫೋನ್ ಮಾಡಿ "ಇನ್ನೊಂದು ಮಗು ಆದರೆ ಇವರನ್ನೇ ಕರೆಸಿಕೊಳ್ತೀರಾ?" ಅಂತ ಕೇಳಿದೆ. ಆ ಹುಡುಗನ ತಾಯಿ ಒಂದು ಕ್ಷಣವೂ ತಡಮಾಡದೆ ಹೂಂ ಅಂದರು.

ಕಾಗದಪತ್ರ ಬಿಡಬೇಡಿ. ಆಧಾರ್ ಪ್ರತಿ, ಈಗಿನ ಮನೆ ವಿಳಾಸ, ಮಗನದೋ ತಮ್ಮನದೋ ಫೋನ್ ನಂಬರ್, ಪೊಲೀಸ್ ಪರಿಶೀಲನೆ ಎಲ್ಲವೂ ಬೇಕು. ಪರಿಶೀಲನೆಗೆ ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಎಲ್ಲರ ಹತ್ತಿರವೂ ಕೇಳುವುದು ಇದು, ಮರ್ಯಾದೆಯಿಂದ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ನಾನು ಅತಿ ಮುಖ್ಯ ಅಂದುಕೊಂಡಿರುವುದು. ಕೆಲಸಕ್ಕೆ ಹೋಗುವ ಮುಂಚಿನ ಒಂದು ವಾರ, ಪೂರ್ತಿ ಸಂಬಳ ಕೊಟ್ಟು, ನೀವೂ ಮನೆಯಲ್ಲೇ ಇರಿ. ಮೊದಲ ಎರಡು ದಿನ ಜೊತೆಯಲ್ಲಿ, ಮೂರನೇ ದಿನ ಪಕ್ಕದ ಕೋಣೆಯಲ್ಲಿ, ಆಮೇಲೆ ಒಂದು ಗಂಟೆ ಹೊರಗೆ, ಅರ್ಧ ದಿನ ಹೊರಗೆ. ನಿಮ್ಮ ಜೊತೆ ಹೇಗೆ ಮಾತಾಡುತ್ತಾರೆ ಅನ್ನುವುದಕ್ಕಿಂತ ಮಗುವಿನ ಜೊತೆ ಹೇಗೆ ಮಾತಾಡುತ್ತಾರೆ ಅನ್ನುವುದನ್ನು ಕೇಳಿಸಿಕೊಳ್ಳಿ.

ಮೂರನೇ ದಿನ ನಾನು ಬಟ್ಟೆ ಮಡಚುವ ನೆಪದಲ್ಲಿ ಬಾಗಿಲ ಮರೆಯಲ್ಲಿ ಕೂತಿದ್ದೆ. ದೊಡ್ಡವ್ವ ಮಗಳ ಲಂಗೋಟಿ ಬದಲಿಸುತ್ತಿದ್ದರು. "ಎಡಗಾಲು ಕೊಡವಾ" ಅಂದರು. ಅಂದು ಸುಮ್ಮನೆ ಕಾದರು, ಕಾಲು ಹಿಡಿದು ಎಳೆಯಲಿಲ್ಲ. ಮಗಳು ಊಂ ಅಂತ ಏನೋ ಸದ್ದು ಮಾಡಿದಳು. "ಏನಂದಿ? ನೀರು ತಣ್ಣಗಾತೇನು? ತಡಿ, ನಾಳೆ ಬೆಚ್ಚಗ ಮಾಡೂಣು." ಮತ್ತೆ ಕಾದರು. ಮಗಳು ಇನ್ನೊಂದು ಸದ್ದು ಮಾಡಿ ಕಾಲು ಆಡಿಸಿದಳು. "ಹಾಂ, ಕೊಟ್ಳು ನೋಡು ನಮ್ಮವ್ವ." ಎಂಟು ತಿಂಗಳ ಕೂಸಿಗೆ ಮಾತು ಬಾರದಿದ್ದರೂ ಅದರ ಸರದಿಯನ್ನು ಅದಕ್ಕೆ ಬಿಟ್ಟುಕೊಡುತ್ತಿದ್ದರು. ಮಗುವಿಗೆ ಭಾಷೆ ಹುಟ್ಟುವುದು ಈ ಕೊಡುಕೊಳ್ಳುವಿಕೆಯಲ್ಲೇ. ಅವತ್ತೇ ನನ್ನ ಮನಸ್ಸು ಗಟ್ಟಿಯಾಯಿತು.

ಅವರಿಗೆ ಓದು ಬರುವುದಿಲ್ಲ. ಹಾಗಾಗಿ ನಿಯಮಗಳನ್ನು ಚಿತ್ರ ಬರೆದು ಫ್ರಿಜ್ಜಿಗೆ ಅಂಟಿಸಿದೆ. ವರ್ಷ ತುಂಬುವವರೆಗೆ ಜೇನುತುಪ್ಪ ಇಲ್ಲ. ಇಡೀ ದ್ರಾಕ್ಷಿ, ಕಡಲೆಬೀಜ ಇಲ್ಲ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಬಚ್ಚಲಲ್ಲಿ ನೀರು ತುಂಬಿದ ಬಕೆಟ್ ಇಡುವಂತಿಲ್ಲ. ನನಗೆ ಹೇಳದೆ ಒಂದು ತೊಟ್ಟು ಔಷಧಿಯೂ ಇಲ್ಲ. ಅವರ ಫೋನಿನಲ್ಲಿ ನಮ್ಮ ನಂಬರ್‌ಗಳಿಗೆ ಫೋಟೊ ಹಾಕಿಕೊಟ್ಟೆ, ತುರ್ತು ಸಹಾಯದ 112 ಒತ್ತುವುದನ್ನು ನಾಲ್ಕು ಸಲ ತೋರಿಸಿದೆ. ಟಿವಿ, ಮೊಬೈಲ್ ಬೇಡವೇ ಬೇಡ ಅಂದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಬೇಡ, ಆಮೇಲೂ ಐದು ತುಂಬುವವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ನಿಯಮ ಸಂಜೆ ನಮಗೂ ಅನ್ವಯಿಸಬೇಕಾಯಿತು, ಅದು ನ್ಯಾಯವೇ.

ಹಾಲ್‌ನಲ್ಲಿ ಒಂದು ಕ್ಯಾಮೆರಾ ಇದೆ. ಇದೆ ಅಂತ ಅವರಿಗೆ ಮೊದಲ ದಿನವೇ ತೋರಿಸಿ ಹೇಳಿದ್ದೇನೆ. ಕದ್ದು ಇಡಬೇಡಿ. ಕ್ಯಾಮೆರಾಗಿಂತ ನಂಬಬೇಕಾದದ್ದು ಮಗುವನ್ನು. ಅವರು ಬಂದ ಕೂಡಲೇ ಮಗು ಮುದುಡಿಕೊಂಡರೆ, ಸಂಜೆ ಹೊತ್ತಲ್ಲದ ಹೊತ್ತಿನಲ್ಲಿ ಮಂಪರಿನಲ್ಲಿದ್ದರೆ, ಸ್ನಾನಕ್ಕೆ ಹೊಸದಾಗಿ ಹೆದರಿದರೆ, ಅದೇ ದಿನ ಕೆಲಸ ಬಿಟ್ಟು ಮನೆಯಲ್ಲಿ ಕೂತು ವಿಚಾರಿಸಿ. ಆಗೊಮ್ಮೆ ಈಗೊಮ್ಮೆ ಹೇಳದೆ ಮಧ್ಯಾಹ್ನ ಮನೆಗೆ ಬನ್ನಿ.

ಸಂಬಳ ಪ್ರತಿ ತಿಂಗಳು ಒಂದೇ ತಾರೀಖಿಗೆ ಕೊಡಿ. ಮನೆಗೆಲಸಕ್ಕೂ ಕನಿಷ್ಠ ವೇತನ ನಮ್ಮ ರಾಜ್ಯದಲ್ಲಿ 2004ರಿಂದ ಇದೆ. ಅದು ತಳಪಾಯ ಮಾತ್ರ, ಮಗು ನೋಡುವವರಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಸಲ್ಲಬೇಕು. ವಾರಕ್ಕೊಂದು ರಜೆ, ನಾವು ಉಣ್ಣುವ ತಟ್ಟೆಯಲ್ಲೇ ಊಟ, ಕೂರಲು ಕುರ್ಚಿ ಇರಲಿ. ದೊಡ್ಡವ್ವನಿಗೆ ಶ್ರಾವಣದ ಪಂಚಮಿ ಅಂದರೆ ತವರಿನ ಹಬ್ಬ, ಉಂಡಿ ಕಟ್ಟಬೇಕು, ಜೋಕಾಲಿ ಆಡಬೇಕು. ಆ ವಾರಕ್ಕೆ ನಾನು ಜನವರಿಯಲ್ಲೇ ರಜೆ ಬರೆದುಬಿಡುತ್ತೇನೆ.

ಮಗುವಿನ ಬದುಕು ತುಂಬುವುದು ಹೇಗೆ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ. ಮಗು ನೋಡುವವರ ಕೈಗೆ ನಮ್ಮ ಪಾಠದ ಟೈಮ್‌ಟೇಬಲ್ ಕೊಡಬೇಡಿ, ಅವರಲ್ಲಿ ಇರುವುದನ್ನು ಹೊರಗೆ ಬರಲು ಬಿಡಿ. ನಾನೂ ಮೊದಲು ಇಂಗ್ಲಿಷ್ ಅಕ್ಷರದ ಕಾರ್ಡ್ ತಂದಿಟ್ಟಿದ್ದೆ. ದೊಡ್ಡವ್ವ ಅದನ್ನು ಕೈಯಲ್ಲಿ ಹಿಡಿದು ತಪ್ಪು ಮಾಡಿದವರ ಹಾಗೆ ಕೂರುತ್ತಿದ್ದರು, ಬಾಯೇ ಕಟ್ಟಿಹೋಗುತ್ತಿತ್ತು. ಕಾರ್ಡ್ ತೆಗೆದಿಟ್ಟೆ. ಮಗಳಿಗೆ ಎರಡು ವರ್ಷವಾಗುವ ಹೊತ್ತಿಗೆ ಒಂದು ದಿನ "ಅಕ್ಕಾರ, ಒಂದು ಹಿಡಿ ಜೋಳದ ಹಿಟ್ಟು ಕೊಡ್ರಿ, ಒಲಿ ಹಚ್ಚೂದಿಲ್ಲ" ಅಂದರು. ಉಗುರುಬೆಚ್ಚಗಿನ ನೀರಲ್ಲಿ ನಾದಿ, ತಮಗೊಂದು ಉಂಡೆ, ಮಗಳಿಗೊಂದು ಉಂಡೆ. ಮಗುಚಿಟ್ಟ ತಟ್ಟೆಗಳ ಮೇಲೆ ಇಬ್ಬರೂ ಬಡಿಯಲು ಶುರು. ಅವರು ಬೇಗ ಬಡಿದರೆ ಇವಳೂ ಬೇಗ, ಅವರು ನಿಲ್ಲಿಸಿದರೆ ಇವಳೂ ಕೈ ಎತ್ತಿಕೊಂಡು ಮುಖ ನೋಡುವಳು. ಅಂಚು ಬಿರಿದರೆ ತೋರುಬೆರಳಲ್ಲಿ ನೀರು ಮುಟ್ಟಿಸಿ ಮುಚ್ಚುವುದನ್ನೂ ಕಲಿತಳು. ಈಗ ಈರುಳ್ಳಿಗೆ ಅವಳು ಅವರ ಹತ್ತಿರ ಉಳ್ಳಾಗಡ್ಡಿ ಅನ್ನುತ್ತಾಳೆ, ನನ್ನ ಹತ್ತಿರ ಈರುಳ್ಳಿ ಅನ್ನುತ್ತಾಳೆ. ಭಾಷೆ ಕೆಡುತ್ತದೆ ಅಂತ ಒಬ್ಬರು ನೆಂಟರು ಹೇಳಿದರು. ನನಗೆ ಮಗಳು ಎರಡು ಊರಿನವಳಾದಳು ಅನ್ನಿಸಿತು.

ಸಂಜೆ ಅವರು ಹೊರಡುವ ಮುಂಚೆ ಹತ್ತು ನಿಮಿಷ ಕೂತು ಮಾತಾಡುತ್ತೇವೆ. "ಊಟ ಮಾಡಿದಳಾ" ಅನ್ನುವುದರ ಜೊತೆ "ಇವತ್ತು ಏನು ನೋಡಿದಳು" ಅಂತಲೂ ಕೇಳುತ್ತೇನೆ. ನಿನ್ನೆಯ ಉತ್ತರ: ಟೆರೇಸಿನ ಪೈಪಿನ ಹತ್ತಿರ ಸಾಲುಹಿಡಿದ ಇರುವೆ, ಅದರಲ್ಲಿ ಒಂದು ಅಕ್ಕಿನುಚ್ಚು ಹೊತ್ತಿತ್ತು.

ಬರುವ ಜೂನಿಗೆ ಮಗಳು ಶಾಲೆಗೆ. ಆಮೇಲೂ ಅರ್ಧ ದಿನ ಇರಿ ಅಂತ ದೊಡ್ಡವ್ವನನ್ನು ಕೇಳಿದ್ದೇವೆ. ಆದರೆ ಅರ್ಧ ಸಂಬಳದಲ್ಲಿ ಅವರ ಮನೆ ನಡೆಯುವುದಿಲ್ಲ. ಅದಕ್ಕೇ ನಾನು ಪಾರ್ಕಿನಲ್ಲಿ, ಬ್ಯಾಂಕಿನಲ್ಲಿ, ಸೊಪ್ಪಿನ ಅಜ್ಜಿಯ ಹತ್ತಿರ ಈಗಿನಿಂದಲೇ ಹೇಳಿಟ್ಟಿದ್ದೇನೆ. ಎರಡು ಮನೆಯವರು ವಿಚಾರಿಸಿದ್ದಾರೆ. ಒಬ್ಬರು ಪಾತ್ರೆಯನ್ನೂ ತೊಳೆಯುತ್ತಾರಾ ಅಂದರು, ಅವರಿಗೆ ಇಲ್ಲ ಅಂದೆ. ಇನ್ನೊಬ್ಬರು ಐದು ತಿಂಗಳ ಕೂಸನ್ನು ಎತ್ತಿಕೊಂಡೇ ಭಾನುವಾರ ಮನೆಗೆ ಬರುತ್ತಿದ್ದಾರೆ.