ಕೆಂಚನಿಗೆ ಐದೂವರೆ ತಿಂಗಳು

ನಮ್ಮ ಮನೆ ಮಹಡಿ ಹತ್ತಿದರೆ ದೇವನಹಳ್ಳಿ ಕಡೆ ಇಳಿಯುವ ವಿಮಾನಗಳು ಕಾಣುತ್ತವೆ. ಕೆಂಚ ಅವನ್ನು ನೋಡಿ ಬೊಗಳುತ್ತಿದ್ದ. ಚಿಕ್ಕಬಳ್ಳಾಪುರದಿಂದ ಏರ್‌ಪೋರ್ಟ್ ಮೂವತ್ತು ಕಿಲೋಮೀಟರ್ ಆಸುಪಾಸು. ಹೈವೇ ಖಾಲಿ ಇದ್ದರೆ ಮುಕ್ಕಾಲು ಗಂಟೆ ಸಾಕು. ಅಷ್ಟು ದೂರ ಹೋಗಿ ವಿಮಾನ ಹತ್ತಲು ಅವನಿಗೆ ಐದೂವರೆ ತಿಂಗಳು ಹಿಡಿಯಿತು. ಅದರಲ್ಲಿ ಒಂದು ತಿಂಗಳು ಪೂರ್ತಿ ನನ್ನ ದಡ್ಡತನದ್ದು.

ಕೆಂಚ ಜಾತಿ ನಾಯಿ ಅಲ್ಲ. ಆರು ವರ್ಷದ ಹಿಂದೆ ನೈಟ್ ಡ್ಯೂಟಿ ಮುಗಿಸಿ ಬರುವಾಗ ಬಸ್‌ಸ್ಟ್ಯಾಂಡ್ ಹತ್ತಿರ, ಸೇವಂತಿಗೆ ಮೂಟೆಗಳ ಸಂದಿಯಲ್ಲಿ ಕುಂಯ್‌ಗುಡುತ್ತಿದ್ದ ಮರಿ. ಕೆಂಪು ಮೈ, ನೆಟ್ಟಗೆ ನಿಂತ ಕಿವಿ, ಸುರುಳಿ ಬಾಲ. ಈಗ 19 ಕೆಜಿ. ನಾನು ನರ್ಸ್. ಮನೆಯವರು ಮೊದಲೇ ಜರ್ಮನಿಗೆ ಹೋಗಿ ಫ್ರಾಂಕ್‌ಫರ್ಟ್ ಹತ್ತಿರದ ಒಂದು ಊರಲ್ಲಿ, ನಾಯಿ ಇದ್ದರೂ ಪರವಾಗಿಲ್ಲ ಎನ್ನುವ ಓನರ್ ಹುಡುಕಿ ಬಾಡಿಗೆ ಮನೆ ಹಿಡಿದಿದ್ದರು. ನಾನು ತವರಲ್ಲೇ ಇದ್ದು ಜರ್ಮನ್ ಭಾಷೆ ಪರೀಕ್ಷೆಗೆ ಓದುತ್ತಿದ್ದೆ.

"ಆ ದೇಶದಾಗೆ ನಾಯಿಗೆ ಬರವಾ? ಇದನ್ಯಾಕೆ ಹೊತ್ಕೊಂಡು ಹೋಗ್ತೀಯೆ?" ಅಂತ ಅಜ್ಜಿ ದಿನಾ ಕೇಳೋರು. ನಾಯಿ ಹೋಗೋದು ಅವರಿಗೇ ಇಷ್ಟ ಇರಲಿಲ್ಲ, ಅಷ್ಟೇ.

ಆ ಹಾಳಾದ ಒಂದು ತಿಂಗಳ ಕತೆ ಮೊದಲು ಹೇಳಿಬಿಡುತ್ತೇನೆ. ಬೇರೆ ಏನು ಮರೆತರೂ ಇದನ್ನು ಮರೆಯಬೇಡಿ.

ಕೆಂಚನ ಲಸಿಕೆ ಪುಸ್ತಕದ ಬಗ್ಗೆ ನನಗೆ ಭಾರಿ ಹೆಮ್ಮೆ ಇತ್ತು. ಪ್ರತಿ ವರ್ಷ ತಪ್ಪದೆ ರೇಬೀಸ್ ಲಸಿಕೆ, ಪ್ರತಿ ಸಲ ಸೀಲು, ಸಹಿ. ಕೊನೆಯದ್ದು ಡಿಸೆಂಬರ್‌ನಲ್ಲಿ ಹಾಕಿಸಿದ್ದೆ. ಜನವರಿ 8ಕ್ಕೆ ಬೆಂಗಳೂರಿಗೆ ಕರೆದುಕೊಂಡು ಹೋಗಿ, ನಾಯಿಯ ಗುರುತಿನ ನಂಬರ್ ಇರುವ ಮೈಕ್ರೋಚಿಪ್ ಹಾಕಿಸಿದೆ. ಅಕ್ಕಿಕಾಳಿನಷ್ಟು ದಪ್ಪ ಇರುತ್ತೆ. ಎರಡು ಭುಜದ ಮಧ್ಯೆ ಚರ್ಮದ ಕೆಳಗೆ ಸೂಜಿಯಲ್ಲಿ ಹಾಕುತ್ತಾರೆ. ಐಎಸ್‌ಒ ಅನ್ನೋ ಅಂತರರಾಷ್ಟ್ರೀಯ ಪದ್ಧತಿಯ 15 ಅಂಕಿಯ ಚಿಪ್ಪೇ ಆಗಬೇಕು, ಯುರೋಪಿನಲ್ಲಿ ಅವರ ಸ್ಕ್ಯಾನರ್ ಓದೋದು ಅದನ್ನೇ. ಮುಂದಿನ ಹೆಜ್ಜೆ ರಕ್ತ ಪರೀಕ್ಷೆ. ಫೆಬ್ರವರಿ ಮೊದಲ ವಾರ ರಕ್ತ ತೆಗೆಸಲು ಹೋದರೆ, ಡಾಕ್ಟರು ಪುಸ್ತಕ ತಿರುವಿ, ಚಿಪ್ಪಿನ ತಾರೀಖು ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಚಿಪ್ಪು ಜನವರಿ, ಲಸಿಕೆ ಡಿಸೆಂಬರ್. ಚಿಪ್ಪಿಗಿಂತ ಮುಂಚೆ ಹಾಕಿರೋದು ಲೆಕ್ಕಕ್ಕೆ ಬರಲ್ಲಮ್ಮ."

ಆರು ವರ್ಷದ ಸೀಲುಗಳೆಲ್ಲ ಒಂದೇ ಮಾತಲ್ಲಿ ಹೋದವು. ಯೋಚನೆ ಮಾಡಿದರೆ ನ್ಯಾಯವೇ. ಚಿಪ್ಪಿಲ್ಲದ ನಾಯಿಗೆ ಲಸಿಕೆ ಹಾಕಿದರೆ ಅದು ಇದೇ ನಾಯಿ ಅಂತ ಹೇಗೆ ಹೇಳೋದು? ಕೈಗೆ ಬ್ಯಾಂಡ್ ಕಟ್ಟದ ಪೇಷೆಂಟ್‌ಗೆ ಇಂಜೆಕ್ಷನ್ ಕೊಟ್ಟ ಹಾಗೆ. ಅದನ್ನು ದಿನಾ ವಾರ್ಡಲ್ಲಿ ಜೂನಿಯರ್‌ಗಳಿಗೆ ಹೇಳಿಕೊಡುತ್ತಿದ್ದವಳು ನಾನು!

ಫೆಬ್ರವರಿ 8ಕ್ಕೆ ಮತ್ತೆ ಲಸಿಕೆ. ಅಲ್ಲಿಂದ ಕನಿಷ್ಠ 30 ದಿನ ಆದ ಮೇಲೇ ರಕ್ತ ತೆಗೆಯಬೇಕು. ಮಾರ್ಚ್ 12ಕ್ಕೆ ತೆಗೆಸಿದೆ. ಸಾವಿರಾರು ಜನರ ಕೈಯಲ್ಲಿ ನರ ಹುಡುಕಿ ರಕ್ತ ತೆಗೆದಿದ್ದೇನೆ. ಆವತ್ತು ಕೆಂಚನ ಮುಂಗಾಲು ಹಿಡಿದುಕೊಂಡು ನಾನೇ ಕಣ್ಣು ಮುಚ್ಚಿದೆ. ಅವನು ಸುಮ್ನೆ ನನ್ನ ಗಲ್ಲ ನೆಕ್ಕುತ್ತಾ ನಿಂತಿದ್ದ. ರಕ್ತದಿಂದ ಸೀರಮ್ ಅನ್ನೋ ತಿಳಿ ದ್ರವ ಬೇರೆ ಮಾಡಿ, ತಣ್ಣಗೆ ಪ್ಯಾಕ್ ಮಾಡಿ, ಯುರೋಪಿಯನ್ ಯೂನಿಯನ್ ಒಪ್ಪಿರುವ ಲ್ಯಾಬಿಗೆ ಕಳಿಸಬೇಕು. ಪಕ್ಕದ ಬೀದಿಯ ಲ್ಯಾಬಿನ ರಿಪೋರ್ಟು ನಡೆಯೋದಿಲ್ಲ. ರೇಬೀಸ್ ವಿರುದ್ಧದ ಶಕ್ತಿ ಒಂದು ಮಿಲಿಲೀಟರ್‌ಗೆ 0.5 ಐಯು (ಅಂತರರಾಷ್ಟ್ರೀಯ ಯೂನಿಟ್) ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಪಾಸು.

ಪಾಸಾದ. ಆದರೆ ರಿಪೋರ್ಟಿನಲ್ಲಿ ಚಿಪ್ ನಂಬರೇ ಬೇರೆ! 15 ಅಂಕಿಯಲ್ಲಿ ಒಂದು ಕಡೆ 1 ಇರಬೇಕಾದಲ್ಲಿ 7 ಇತ್ತು. ಬೈಯೋಣ ಅಂತ ಫೋನ್ ಎತ್ತಿಕೊಂಡೆ, ಮೊದಲು ನಮ್ಮ ಫಾರಂನ ಫೋಟೋ ನೋಡಿದೆ. ನನ್ನದೇ ಕೈಬರಹ. 1ರ ತಲೆಗೆ ಒಂದು ಕೊಂಕು ಎಳೆದಿದ್ದೆ. ಯಾರೇ ಓದಿದರೂ 7. ಡಾಕ್ಟರಿಂದ ಪತ್ರ ಬರೆಸಿ, ಮೇಲ್ ಕಳಿಸಿ, ತಿದ್ದಿದ ರಿಪೋರ್ಟ್ ಬರುವ ತನಕ ಎರಡು ವಾರ ಸರಿಯಾಗಿ ನಿದ್ದೆ ಇಲ್ಲ. ಚಿಪ್ ಹಾಕಿದಾಗ ಬಾರ್‌ಕೋಡ್ ಸ್ಟಿಕ್ಕರ್ ನಾಲ್ಕೈದು ಕೊಡುತ್ತಾರೆ. ಎಲ್ಲಾ ಕಡೆ ಅದನ್ನೇ ಅಂಟಿಸಿ, ಪೆನ್ನು ಮುಟ್ಟಬೇಡಿ.

ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಪಾಸಾಗಿದೆಯಲ್ಲ, ಇನ್ಯಾಕೆ ಕಾಯೋದು ಅಂತ ಎಲ್ಲರೂ ಕೇಳುತ್ತಾರೆ. ಲಸಿಕೆಗೆ ಮುಂಚೆಯೇ ರೋಗ ಮೈಯೊಳಗೆ ಸೇರಿದ್ದರೆ ಅಷ್ಟರಲ್ಲಿ ಹೊರಗೆ ಬರುತ್ತೆ ಅನ್ನೋದು ಲೆಕ್ಕ. ರೇಬೀಸ್ ಹತೋಟಿಯಲ್ಲಿರುವ ದೇಶಗಳ ಪಟ್ಟಿ ಯುರೋಪಿಯನ್ ಯೂನಿಯನ್ ಹತ್ತಿರ ಇದೆ. ಅದರಲ್ಲಿ ಭಾರತ ಇಲ್ಲ. ಪಟ್ಟಿಯಲ್ಲಿರುವ ದೇಶದ ನಾಯಿಗೆ ಈ ರಕ್ತ, ಈ ಕಾಯುವಿಕೆ ಏನೂ ಬೇಡ. ಒಂದು ಸಮಾಧಾನ ಅಂದರೆ, ಮುಂದಿನ ಲಸಿಕೆಗಳನ್ನು ತಾರೀಖು ತಪ್ಪದೆ ಹಾಕಿಸುತ್ತಾ ಹೋದರೆ ಈ ರಕ್ತ ಪರೀಕ್ಷೆ ಮತ್ತೆ ಮಾಡಿಸಬೇಕಿಲ್ಲ.

ಈ ಮೂರು ತಿಂಗಳನ್ನು ಕೆಂಚ ವಿಮಾನದಲ್ಲಿ ಕೂತು ಹೋಗುವ ಪೆಟ್ಟಿಗೆಗೆ ಬಳಸಿಕೊಂಡೆ. ಚಿಕ್ಕ ನಾಯಿಯನ್ನು ಸೀಟಿನ ಕೆಳಗೆ ಇಟ್ಟುಕೊಂಡು ಹೋಗಬಹುದು. ಸಾಮಾನ್ಯವಾಗಿ ಬ್ಯಾಗು ಸೇರಿ 8 ಕೆಜಿ ಒಳಗಿರಬೇಕು. ಕೆಂಚನಂಥವರು ಕೆಳಗೆ, ಲಗೇಜು ಹೋಗುವ ಭಾಗದಲ್ಲಿ. ಅಲ್ಲೂ ಗಾಳಿಯ ಒತ್ತಡ ಮೇಲಿನಷ್ಟೇ ಇರುತ್ತೆ, ನಾಯಿ ಇಡುವ ಜಾಗ ಬೆಚ್ಚಗಿರುತ್ತೆ. ಪೆಟ್ಟಿಗೆಗೆ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಅಯಾಟಾ ಸಂಸ್ಥೆಯ ಲೆಕ್ಕ ಇದೆ. ಮೂಗಿಂದ ಬಾಲದ ಬುಡದ ತನಕ ಒಂದು ಅಳತೆ, ನೆಲದಿಂದ ಮುಂಗಾಲಿನ ಮೊಣಕೈ ತನಕ ಇನ್ನೊಂದು. ಮೊದಲನೆಯದಕ್ಕೆ ಎರಡನೆಯದರ ಅರ್ಧ ಸೇರಿಸಿದರೆ ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ಎತ್ತರಕ್ಕೆ ನಿಂತ ನಾಯಿಯ ತಲೆ ಅಥವಾ ಕಿವಿಯ ತುದಿ, ಯಾವುದು ಮೇಲಿದೆಯೋ ಅದು, ಜೊತೆಗೆ ಹಾಸಿಗೆಯ ದಪ್ಪ. ಕೆಂಚನಿಗೆ 74ಕ್ಕೆ 17 ಸೇರಿಸಿ 91 ಸೆಂಟಿಮೀಟರ್ ಉದ್ದ ಬಂತು.

ಆನ್‌ಲೈನ್‌ನಲ್ಲಿ 91 ಅಂತ ಇದ್ದ ಪೆಟ್ಟಿಗೆ ತರಿಸಿದೆ. ಅದು ಹೊರಗಿನ ಅಳತೆ! ಒಳಗೆ 84 ಕೂಡ ಇರಲಿಲ್ಲ. ಕೆಂಚ ಒಳಗೆ ಹೋದ, ತಿರುಗಲು ನೋಡಿದ, ಹಿಂದಕ್ಕೇ ಹೊರಗೆ ಬಂದ. ಕಿವಿ ಬೇರೆ ಮೇಲೆ ತಾಗಿ ಮಡಚುತ್ತಿತ್ತು. ಅದನ್ನು ವಾಪಸ್ ಮಾಡಿ ಒಂದು ಸೈಜ್ ದೊಡ್ಡದು ತರಿಸಿದೆ. ಅದರ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ತೆಗೆದು, ಬಿ.ಬಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕಬ್ಬಿಣದ ಬೋಲ್ಟು ನಟ್ಟು ತಂದು ಹಾಕಿದೆವು. ಚಕ್ರ ಇದ್ದರೆ ಅದನ್ನೂ ಬಿಚ್ಚಬೇಕು.

ಹೊಸ ಪೆಟ್ಟಿಗೆ ಪಡಸಾಲೆಯಲ್ಲಿ ಬಾಗಿಲು ತೆಗೆದೇ ಕೂತಿತು. ಒಂದು ವಾರ ಕೆಂಚ ಅದರ ಸುತ್ತ ದೂರದಿಂದಲೇ ಓಡಾಡಿದ. ನಾನು ಬಿಸ್ಕತ್ತು ಎಸೆದೆ, ವಿಡಿಯೋ ನೋಡಿ ಕಲಿತ ಟ್ರಿಕ್ಕುಗಳನ್ನೆಲ್ಲ ಮಾಡಿದೆ. ಕತ್ತು ಉದ್ದ ಮಾಡಿ ಬಿಸ್ಕತ್ತು ಎಳೆದುಕೊಂಡು ತಿನ್ನುತ್ತಿದ್ದ, ಹಿಂಗಾಲು ಮಾತ್ರ ಹೊರಗೇ. ಒಂದು ದಿನ ಅಜ್ಜಿ ಬಂದು, ತಮ್ಮ ಹಳೇ ಕಾಟನ್ ಸೀರೆ ಮಡಚಿ ಒಳಗೆ ಹಾಸಿ, ಹಿಂದಿನ ಮೂಲೆಗೆ ಕೋಳಿ ಸಾರಲ್ಲಿ ಅದ್ದಿದ ಮುದ್ದೆ ಇಟ್ಟು, "ರಾರಾ ಕೆಂಚಾ" ಅಂದರು. ನಮ್ಮ ಕಡೆ ಅರ್ಧ ಮಾತು ತೆಲುಗೇ ಅಲ್ವಾ, ನಾಯಿಗೂ ಎರಡೂ ಭಾಷೆ ಬರುತ್ತೆ. ಸೀದಾ ಒಳಗೆ ಹೋಗಿ, ತಿಂದು, ಸೀರೆಯನ್ನು ಕಾಲಲ್ಲಿ ಕೆರೆದು ಗುಡ್ಡೆ ಮಾಡಿ ಅದರ ಮೇಲೇ ಮಲಗಿದ. ಆಮೇಲೆ ಬಾಗಿಲು ಒಂದು ನಿಮಿಷ ಮುಚ್ಚೋದು, ಐದು ನಿಮಿಷ, ಅರ್ಧ ಗಂಟೆ. ಮೇ ಕೊನೆಯ ಹೊತ್ತಿಗೆ ರಾತ್ರಿಯೆಲ್ಲ ಚಿಲಕ ಹಾಕಿದ ಪೆಟ್ಟಿಗೆಯಲ್ಲೇ ಗೊರಕೆ ಹೊಡೆಯುತ್ತಿದ್ದ.

ಏಜೆಂಟರಿಗೆ ಕೊಟ್ಟರೆ ಎಲ್ಲಾ ಅವರೇ ಮಾಡುತ್ತಾರೆ ಅಂತ ಹಲವರು ಹೇಳಿದರು. ಪೇಪರ್ ಕೆಲಸ ಮಾಡಿಯಾರು. ಪೆಟ್ಟಿಗೆಯಲ್ಲಿ ಮಲಗೋದನ್ನು ಕಲಿಸೋರು ಯಾರು? ನಾನು ಏಜೆಂಟರಿಗೆ ಕೊಡಲಿಲ್ಲ. ಆದರೂ ಚಿಪ್ಪು, ಲ್ಯಾಬು, ಪೆಟ್ಟಿಗೆ, ವಿಮಾನದ ಚಾರ್ಜು ಸೇರಿ ಕೆಂಚನ ಖರ್ಚು ನನ್ನ ಟಿಕೆಟ್ಟಿಗಿಂತ ಜಾಸ್ತಿಯೇ ಆಯಿತು.

ಟಿಕೆಟ್ ವಿಷಯದಲ್ಲಿ ಒಂದು ಮಾತು. ಮೊದಲು ನಾಯಿಗೆ ಜಾಗ ಇದೆಯಾ ಅಂತ ವಿಮಾನ ಕಂಪನಿಯಲ್ಲಿ ಕೇಳಿ, ಆಮೇಲೆ ನಿಮ್ಮ ಟಿಕೆಟ್ ತಗೊಳ್ಳಿ. ಒಂದು ವಿಮಾನದಲ್ಲಿ ಇಷ್ಟೇ ಪ್ರಾಣಿ ಅಂತ ಮಿತಿ ಇರುತ್ತೆ. ದುಡ್ಡು ಸ್ವಲ್ಪ ಜಾಸ್ತಿ ಆದರೂ ನಾನು ಬೆಂಗಳೂರಿಂದ ನೇರ ಫ್ರಾಂಕ್‌ಫರ್ಟ್‌ಗೇ ಹಿಡಿದೆ. ನಡುವೆ ವಿಮಾನ ಬದಲಿಸುವಾಗ ಬಿಸಿಲಲ್ಲಿ ಕಾಯಿಸಿದರೆ ಅನ್ನೋ ಭಯ ನನಗೆ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿ ಆದರೆ ಉಸಿರಾಟದ ತೊಂದರೆ ಅಂತ ಎಷ್ಟೋ ಕಂಪನಿಗಳು ತಗೊಳ್ಳೋದೇ ಇಲ್ಲ.

ಕೊನೇ ಹತ್ತು ದಿನ ಓಟ. ಯುರೋಪಿಗೆ ಬೇಕಾದ ಆರೋಗ್ಯ ಪ್ರಮಾಣಪತ್ರಕ್ಕೆ ಸರ್ಕಾರಿ ಪಶುವೈದ್ಯಾಧಿಕಾರಿಯ ಸಹಿ ಬಿದ್ದ ಮೇಲೆ 10 ದಿನದ ಒಳಗೆ ಅಲ್ಲಿಗೆ ತಲುಪಬೇಕು. ಬೇಗ ಮಾಡಿಸಿದರೂ ಕಷ್ಟ, ತಡವಾದರೂ ಕಷ್ಟ. ನಾಯಿ ಹೊರಗೆ ಕಳಿಸಲು ಕೇಂದ್ರ ಸರ್ಕಾರದ ಅನಿಮಲ್ ಕ್ವಾರಂಟೈನ್ ಕಚೇರಿಯ ಸರ್ಟಿಫಿಕೇಟ್ ಕೂಡ ಬೇಕು. ಅದಕ್ಕೂ ಮುಂಚೆ ನಮ್ಮೂರ ಪಶು ಆಸ್ಪತ್ರೆಯಲ್ಲಿ ಫಿಟ್‌ನೆಸ್ ಬರೆಸಲು ಹೋದೆ. ಡಾಕ್ಟರು ಬರೆಯುತ್ತಾ ಬರೆಯುತ್ತಾ ನಿಲ್ಲಿಸಿ, "ಜಾತಿ ಏನು ಬರೀಲಮ್ಮ?" ಅಂದರು. ಇವನನ್ನೂ ಬಿಡಲಿಲ್ಲವಲ್ಲ ಅಂತ ನಗು ಬಂತು. ಆದರೆ ಅದು ತಮಾಷೆಯ ಕಾಲಂ ಅಲ್ಲ. ಪಿಟ್‌ಬುಲ್, ಬುಲ್ ಟೆರಿಯರ್‌ನಂಥ ಕೆಲವು ತಳಿಗಳನ್ನು ಜರ್ಮನಿ ಒಳಗೇ ಬಿಡೋದಿಲ್ಲ. ಹಾಗಾಗಿ ಎಲ್ಲಾ ಪೇಪರಿನಲ್ಲೂ ಒಂದೇ ಥರ ಇರಬೇಕು. ಮಿಕ್ಸ್ಡ್ ಅಂತ ಬರೆಸಿದೆವು.

ಇನ್ನೊಂದು ಪೇಪರ್ ನಾನೇ ಸಹಿ ಮಾಡಿದ್ದು. ಈ ನಾಯಿಯನ್ನು ಮಾರಲು ಒಯ್ಯುತ್ತಿಲ್ಲ, ನನ್ನ ಜೊತೆಗೇ ಬರುತ್ತಿದೆ ಅಂತ. ನಾಯಿ ಮತ್ತು ಯಜಮಾನರ ಪ್ರಯಾಣದ ಮಧ್ಯೆ 5 ದಿನಕ್ಕಿಂತ ಜಾಸ್ತಿ ಅಂತರ ಇದ್ದರೆ ಅದನ್ನು ವ್ಯಾಪಾರದ ಲೆಕ್ಕಕ್ಕೆ ಹಾಕುತ್ತಾರೆ, ರೂಲ್ಸೇ ಬೇರೆ ಆಗುತ್ತೆ.

ಇದೆಲ್ಲ ಜರ್ಮನಿಯ ಕತೆ, ನೆನಪಿರಲಿ. ಅಮೆರಿಕದಲ್ಲಿರುವ ನನ್ನ ಗೆಳತಿಗೆ ಈ ಪಟ್ಟಿ ಕಳಿಸಿದೆ, ಅರ್ಧ ಉಪಯೋಗಕ್ಕೇ ಬರಲಿಲ್ಲ. ಅಲ್ಲಿ 2024ರ ಆಗಸ್ಟ್‌ನಿಂದ ಹೊಸ ನಿಯಮ. ನಾಯಿಗೆ ಕನಿಷ್ಠ 6 ತಿಂಗಳು ವಯಸ್ಸಾಗಿರಬೇಕು. ಭಾರತದಲ್ಲಿ ಲಸಿಕೆ ಹಾಕಿಸಿಕೊಂಡ ನಾಯಿ ಅವರು ಹೇಳಿದ ಕೆಲವೇ ಏರ್‌ಪೋರ್ಟುಗಳಲ್ಲಿ ಇಳಿಯಬೇಕು. ಬ್ರಿಟನ್ನಿಗೆ ವಿಮಾನದಲ್ಲಾದರೆ ಕಾರ್ಗೋದಲ್ಲೇ ಕಳಿಸಬೇಕು. ಆಸ್ಟ್ರೇಲಿಯಾಕ್ಕಂತೂ ಇಲ್ಲಿಂದ ನೇರ ಹೋಗುವ ಹಾಗೇ ಇಲ್ಲ.

ಜೂನ್ 18ರ ರಾತ್ರಿ ಹೊರಟೆವು. ಸಂಜೆಯೇ ಸ್ವಲ್ಪ ಅನ್ನ ಮೊಸರು ಕೊಟ್ಟು ಊಟ ಮುಗಿಸಿದ್ದೆ. ನಿದ್ದೆ ಮಾತ್ರೆ ಒಂದು ಕೊಟ್ಟುಬಿಡೆ ಅಂತ ಅಜ್ಜಿ. ಕೊಡಬಾರದು. ಮಾತ್ರೆಯಿಂದ ಮಂಪರು ಬಂದ ನಾಯಿಗೆ ಬಿಪಿ ಇಳಿಯಬಹುದು, ಉಸಿರಾಟ ಕಮ್ಮಿ ಆಗಬಹುದು, ಪೆಟ್ಟಿಗೆ ಅಲುಗಿದರೆ ಕಾಲೂರಿ ನಿಲ್ಲಲು ಆಗೋದಿಲ್ಲ. ಕೆಳಗೆ ನೋಡಿಕೊಳ್ಳಲು ಯಾರೂ ಇರೋದಿಲ್ಲ. ಮಾತ್ರೆ ಬದಲು ಒಂದು ಗಂಟೆ ನಡೆಸಿದೆ. ನೀರಿನ ಬಟ್ಟಲನ್ನು ಫ್ರೀಜರ್‌ನಲ್ಲಿಟ್ಟು ಗಟ್ಟಿ ಮಾಡಿದ್ದೆ. ಹೊತ್ತು ಸಾಗಿಸುವಾಗ ಚೆಲ್ಲೋದಿಲ್ಲ, ಆಮೇಲೆ ಕರಗಿದಂತೆ ನೆಕ್ಕಬಹುದು.

ಏರ್‌ಪೋರ್ಟಿನಲ್ಲಿ ಕೆಂಚನನ್ನು ಹೊರಗೆ ತೆಗೆಸಿದರು. ಖಾಲಿ ಪೆಟ್ಟಿಗೆ ಎಕ್ಸ್‌ರೇಗೆ ಹೋಯಿತು. ಅಷ್ಟು ಹೊತ್ತು ಬೆಲ್ಟ್ ಹಿಡಿದು ನಿಂತಿದ್ದೆ, ಅವನ ಮೈ ಸಣ್ಣಗೆ ನಡುಗುತ್ತಿತ್ತು. ಪೆಟ್ಟಿಗೆ ವಾಪಸ್ ಬಂದದ್ದೇ ತಡ, ನಾನು ಹೇಳುವ ಮುಂಚೆ ತಾನೇ ಒಳಗೆ ನುಗ್ಗಿ ಸೀರೆ ಕೆರೆಯತೊಡಗಿದ. ಸಿಬ್ಬಂದಿ ಬಾಗಿಲಿನ ನಾಲ್ಕು ಮೂಲೆಗೂ ಜಿಪ್ ಟೈ ಬಿಗಿದರು. ಅಳು ಬಂದದ್ದು ನನಗೆ. ವಿಮಾನ ಹತ್ತಿದ ಮೇಲೆ ಗಗನಸಖಿಯನ್ನು ಕರೆದು, ಕೆಳಗೆ ನಾಯಿ ಹತ್ತಿದೆಯಾ ಕೇಳಿ ಹೇಳಿ ಅಂದೆ. ಹತ್ತು ನಿಮಿಷ ಬಿಟ್ಟು ಬಂದು ಹೆಬ್ಬೆರಳು ತೋರಿಸಿದರು. ಆಮೇಲೇ ನಾನು ಬೆಲ್ಟ್ ಹಾಕಿಕೊಂಡಿದ್ದು.

ಫ್ರಾಂಕ್‌ಫರ್ಟ್‌ನಲ್ಲಿ ಕಸ್ಟಮ್ಸ್‌ನ ಕೆಂಪು ದಾರಿಯಲ್ಲಿ ಹೋಗಿ ನಾಯಿ ಇದೆ ಅಂತ ಹೇಳಬೇಕು. ಐದು ತಿಂಗಳಿಂದ ಹೆದರಿದ್ದ ಗಳಿಗೆ. ಅಧಿಕಾರಿ ಸ್ಕ್ಯಾನರನ್ನು ಕತ್ತಿನ ಮೇಲೆ ಆಡಿಸಿದರು, ಬೀಪ್ ಅಂತು. 15 ಅಂಕಿಗಳನ್ನು ಪೇಪರಿನ ಜೊತೆ ಒಂದೊಂದಾಗಿ ಬೆರಳಿಟ್ಟು ನೋಡಿದರು. ಆ 1 ಬಂದಾಗ ನಾನು ಉಸಿರು ಬಿಟ್ಟಿರಲಿಲ್ಲ. ಸೀಲು ಬಿತ್ತು, ಮುಗೀತು. ಹೊರಗೆ ಕಂಡ ಮೊದಲ ಗಿಡಕ್ಕೆ ಕೆಂಚ ಕಾಲೆತ್ತಿದ. ನಮ್ಮ ಮನೆಯವರು ಗಡಿಯಾರ ನೋಡುತ್ತಾ ನಿಂತರು, ಒಂದು ನಿಮಿಷ ಆದರೂ ನಿಲ್ಲಲಿಲ್ಲ.

ಇಲ್ಲಿ ನಾಯಿ ಸಾಕಿದರೆ ಪುರಸಭೆಗೆ ತೆರಿಗೆ ಕಟ್ಟಬೇಕು. ಊರಿಂದೂರಿಗೆ ದರ ಬೇರೆ. ಹೆಸರು ಬರೆಸಲು ಹೋದಾಗ ಮತ್ತೆ ಅದೇ ಜಾತಿಯ ಕಾಲಂ. ಮಿಕ್ಸ್ಡ್ ಅಂದೆ. ಆಯಮ್ಮ ನಗುತ್ತಾ ಮಿಶ್ಲಿಂಗ್ ಅಂತ ಬರೆದುಕೊಂಡರು. ಸಂಜೆ ಅಜ್ಜಿಗೆ ಫೋನ್ ಮಾಡಿ ಹೇಳಿದೆ.

"ನಾಯಿಗೂ ಕಂದಾಯವಾ? ಹಂಗಾದ್ರೆ ಪಹಣೀಲೂ ಅವನ ಹೆಸರು ಸೇರಿಸ್ಕೊಳ್ಳೋಕೆ ಹೇಳು."